ತೆಪ್ಪಕ್ಕೊಂದು ನಂಬರು

ಬೆಳಿಗ್ಗೆ ಅಂಗಡಿ ತೆರೆಯಲು ಹೋದ ಗಡಿಯಾರ ರಿಪೇರಿಯವನು ಐದೇ ನಿಮಿಷಕ್ಕೆ ಏದುಸಿರು ಬಿಡುತ್ತ ಮನೆಗೆ ವಾಪಸು ಬಂದ. ಹೊಳೆ ಮೆಟ್ಟಿಲ ಬಳಿಯ ಕಂಬಕ್ಕೆ ಜಲಮಾರ್ಗ ಇಲಾಖೆಯವರು ನೋಟೀಸು ಅಂಟಿಸಿದ್ದರು. ಆಟಕ್ಕೆಂದು ನೀರಿಗೆ ಬಿಟ್ಟ ತೆಪ್ಪವಾಗಲಿ, ತೇಲುವ ಜಾರುಬಂಡೆಯಾಗಲಿ, ಅದರ ಮೇಲೆ ಮಾಲೀಕನ ಹೆಸರೂ ಪರವಾನಗಿ ನಂಬರೂ ಗೇಣುದ್ದದ ಅಕ್ಷರಗಳಲ್ಲಿ ಇರಬೇಕು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು. ತಪಾಸಣೆ ಇವತ್ತು ಸಂಜೆ ನಾಲ್ಕಕ್ಕೆ. ಅಂಟಿಸಿ ವಾರವಾಗಿತ್ತಂತೆ. ಸೂಜಿಮೊನೆಯಷ್ಟು ತಿರುಪು ಕಾಣುವ ಈ ಮಹಾಶಯನ ಕಣ್ಣಿಗೆ ಅಷ್ಟು ದೊಡ್ಡ ಕಾಗದ ಬಿದ್ದಿರಲಿಲ್ಲ.

ಹೊಳೆಯಲ್ಲಿದ್ದ ತೆಪ್ಪಗಳಲ್ಲಿ ಒಂದು ಇವನದೇ. ಮಗಳು ರಜೆಯಲ್ಲಿ ಈಜಲಿ ಎಂದು ನಾಲ್ಕು ಪ್ಲಾಸ್ಟಿಕ್ ಡ್ರಮ್ಮಿಗೆ ಹಳೆಯ ಬಾಗಿಲೊಂದನ್ನು ಬಿಗಿದು ಲಂಗರು ಹಾಕಿಸಿದ್ದ. ಹೆಸರಿಲ್ಲ, ನಂಬರಿಲ್ಲ, ಪರವಾನಗಿ ಅನ್ನುವುದೊಂದಿದೆ ಎಂಬುದೇ ಗೊತ್ತಿಲ್ಲ.

ಬಿಚ್ಚಿ ಹಾಕಿ ಅಂದಳು ಹೆಂಡತಿ. ಅಷ್ಟರಲ್ಲಿ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡ ಎದುರುಮನೆಯ ನಿವೃತ್ತ ಗುಮಾಸ್ತರು ತಲೆಯಾಡಿಸಿದರು. ನೋಟೀಸು ಬಂದ ಮೇಲೆ ಬಿಚ್ಚಿದರೆ ಸಾಕ್ಷಿನಾಶ, ಅದಕ್ಕೆ ಬೇರೆಯೇ ಸೆಕ್ಷನ್ನು. ಪರವಾನಗಿ ಕೇಳೋಣವೆಂದರೆ ಆರು ತಿಂಗಳು ಬೇಕು. ಅಂಥ ಫೈಲುಗಳ ಮೇಲೆ ಮೂವತ್ತು ವರ್ಷ ತಾವೇ ಕೂತವರು, ಅವರಿಗೆ ಗೊತ್ತಿರದೇ ಇರುತ್ತದೆಯೇ?

"ನೋಡಪ್ಪ, ಅವ್ರು ನಂಬರ್ ಇದೆಯಾ ಅಂತ ನೋಡ್ತಾರೆ ಅಷ್ಟೇ. ರಿಜಿಸ್ಟರ್ ಯಾರು ತೆಗೀತಾರೆ? ಸೇತುವೆ ಕೆಳಗೆ ಯಾವುದೋ ಹಳೇ ತೆಪ್ಪದ ಹಲಗೆ ಬಿದ್ದಿದೆ. ಅದರ ನಂಬರೇ ಬರ್ಕೊ."

"ಸಿಕ್ಕಿಬಿದ್ರೆ ಸಾರ್?"

"ಸಿಕ್ಕಿಬೀಳೋಕೆ ನಾನಿಲ್ವಾ?"

ಈ ಮಾತಿನಿಂದ ಅವನಿಗೆ ಇನ್ನಷ್ಟು ಭಯವಾಯಿತು. ಆದರೂ ಹಲಗೆ ಹುಡುಕಿ ನಂಬರು ಬರೆದುಕೊಂಡ. ಇನ್ನು ಅದನ್ನು ತೆಪ್ಪದ ಮೇಲೆ ಬಣ್ಣದಲ್ಲಿ ಬರೆಯಬೇಕಾದದ್ದು ಹೊಳೆಯ ನಡುವೆ. ಇವನಿಗೋ ಮೊಣಕಾಲಿಗೆ ನೀರು ಬಂದರೆ ದೇವರು ನೆನಪಾಗುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿ, ಲಾರಿ ಟ್ಯೂಬಿನಲ್ಲಿ ಕೂರಿಸಿ, ಹೆಂಡತಿಯೂ ಗುಮಾಸ್ತರೂ ದಡದಲ್ಲಿ ನಿಂತು ಅವನನ್ನು ಗಾಳಿಪಟದ ಹಾಗೆ ಬಿಟ್ಟರು. ಗುಮಾಸ್ತರು ಸಲಹೆ ಕೊಡುವಾಗೆಲ್ಲ ಕೈ ಬೀಸುತ್ತಿದ್ದರು, ಬೀಸಿದಾಗೆಲ್ಲ ಹಗ್ಗ ಸಡಿಲವಾಗುತ್ತಿತ್ತು. ದೋಣಿಯೊಂದು ಹತ್ತಿರ ಹಾದಾಗ ಬಾಗಿಲನ್ನು ತಬ್ಬಿಕೊಂಡು ಹತ್ತು ನಿಮಿಷ ಕಣ್ಣು ಬಿಡದೆ ಮಲಗಿದ. ಎರಡು ತಾಸು ಕಳೆದ ಮೇಲೆ ಹೆಸರೂ ನಂಬರೂ ಮೂಡಿದವು. ದಡಕ್ಕೆ ಬಂದಾಗ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ನಾಲ್ಕಕ್ಕೆ ಇಲಾಖೆಯ ದೋಣಿ ಬಂತು. ಅಧಿಕಾರಿಣಿ ಮೊದಲು ಸೋಪಿನಂಗಡಿಯವನ ತೆಪ್ಪದ ಬಳಿ ನಿಲ್ಲಿಸಿದರು. ಅದಕ್ಕೆ ನಂಬರೂ ಇಲ್ಲ, ಹೆಸರೂ ಇಲ್ಲ. ಮುಗಿಯಿತು ಅವನ ಕತೆ ಅಂದುಕೊಂಡ ಇವನು. ಆಕೆ ಒಂದು ಅರ್ಜಿ ಫಾರಂ ಕೊಟ್ಟು, ಹದಿನೈದು ದಿನದಲ್ಲಿ ತುಂಬಿಕೊಡಿ, ಮೊದಲ ಸಲ ಯಾರಿಗೂ ಶಿಕ್ಷೆಯಿಲ್ಲ ಎಂದು ನಕ್ಕು ಮುಂದೆ ಬಂದರು.

ಇವನ ತೆಪ್ಪದ ಮುಂದೆ ಆಕೆಯ ನಗು ನಿಂತಿತು. ನಂಬರನ್ನು ಎರಡು ಸಲ ಓದಿ, ದೋಣಿಯನ್ನು ದಡಕ್ಕೆ ತಂದರು.

"ಇದು ನಿಮ್ಮದೇನಾ?"

ಸಹಾಯಕ್ಕೆ ಗುಮಾಸ್ತರೇ ಮುಂದೆ ಬಂದರು.

"ಇವನದೇ ಮೇಡಂ. ಎರಡು ವರ್ಷದಿಂದ ಇದೇ ನಂಬರು, ನಾನೇ ಸಾಕ್ಷಿ."

"ಎರಡು ವರ್ಷದಿಂದ ಹುಡುಕ್ತಾ ಇದೀವಿ. ಆ ವರ್ಷದ ನೆರೆಯಲ್ಲಿ ಈ ನಂಬರಿನ ತೆಪ್ಪ ಕಿತ್ತುಬಂದು ನಮ್ಮ ದೋಣಿ ಮುಳುಗಿಸ್ತು. ಮಾಲೀಕ ಸುಳ್ಳು ವಿಳಾಸ ಕೊಟ್ಟು ಪರಾರಿ."

ಗುಮಾಸ್ತರು ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಹೊರಟೇಹೋದರು.

"ನಂಬರ್ ನಂದಲ್ಲ ಮೇಡಂ," ಅಂದ ಅವನು, ಅಳುವ ದನಿಯಲ್ಲಿ. "ಇವತ್ತು ಮಧ್ಯಾಹ್ನ ನಾನೇ ಸುಮ್ನೆ ಬರ್ದಿದ್ದು."

ಆಕೆ ಪೆನ್ನಿನ ಮುಚ್ಚಳ ತೆಗೆದರು.

"ದೋಣಿ ಮುಳುಗಿಸಿದ್ದು ಅಂತ ಬರ್ಕೊಳ್ಲಾ, ಕಳ್ಳ ನಂಬರ್ ಹಾಕಿದ್ದು ಅಂತ ಬರ್ಕೊಳ್ಲಾ? ನೀವೇ ಹೇಳಿ."