ಕೆಂಪು ದೀಪದ ಹಿಂದೆ ಚಾರ್ಮಾಡಿಗೆ

ನಮ್ಮ ಮನೆಯಲ್ಲಿ ಕಾರಿನ ಕೀಗೆ ಯಜಮಾನರ ಜೇಬಿನಲ್ಲೇ ಖಾಯಂ ವಾಸ. ನನಗೆ ಸೋಮವಾರ ಬಂತೆಂದರೆ ಪೇಟೆಯ ಈಶ್ವರನ ಗುಡಿಗೆ ಹೋಗಬೇಕು. ಇವರಿಗೆ ಸೋಮವಾರವೇ ತೋಟದಲ್ಲಿ ಕೆಲಸ ಹೆಚ್ಚು. ಹಾಗಾಗಿ ಡ್ರೈವಿಂಗ್ ಕಲಿತೆ. ಲೈಸೆನ್ಸ್ ಬಂತು. ಕೀ ಬರಲಿಲ್ಲ.

"ತೋಟದ ರಸ್ತೇಲಿ ಓಡಿಸೋದೆಲ್ಲ ಡ್ರೈವಿಂಗ್ ಅಲ್ಲ ಮಾರಾಯ್ತಿ. ಚಾರ್ಮಾಡಿ ಘಾಟಿ ಇಳಿಸಿ ತೋರ್ಸು, ಆಮೇಲೆ ಕೀ ನಿಂದೇ" ಎಂದರು.

ಧರ್ಮಸ್ಥಳಕ್ಕೆ ಹೇಗೂ ಹೋಗಬೇಕಿತ್ತು. ಮಂಜುನಾಥನ ದರ್ಶನವೂ ಆಯಿತು, ಪರೀಕ್ಷೆಯೂ ಆಯಿತು ಎಂದು ಒಪ್ಪಿದೆ. ಧನುರ್ಮಾಸದ ಒಂದು ಬೆಳಗ್ಗೆ ಪೂಜೆ ಮುಗಿಸಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರಕ್ಕೊಂದು ನಿಂಬೆಹಣ್ಣಿಟ್ಟು ಹೊರಟೆ. ಘಾಟಿಯ ತಲೆಯಲ್ಲೊಂದು ಗುಡಿಯಿದೆ. ಅಲ್ಲಿ ಕೈಮುಗಿದೇ ಗಾಡಿಗಳು ಇಳಿಯುವುದು. ಅಲ್ಲಿ ಒಡೆಯುವ ತೆಂಗಿನಕಾಯಿ ಇವರ ತೊಡೆಯ ಮೇಲಿತ್ತು.

ಮೂಡಿಗೆರೆ ದಾಟಿದೆವೋ ಇಲ್ಲವೋ, ಮಂಜು ಕವಿಯಿತು. ಎಂಥ ಮಂಜೆಂದರೆ, ನಾನೇ ಹಚ್ಚಿದ ಕುಂಕುಮ ನನಗೇ ಕಾಣಲಿಲ್ಲ.

"ಏನ್ರೀ ಮಾಡೋದು ಈಗ?"

"ಏನಿಲ್ಲ. ಮುಂದಿನ ಗಾಡಿ ಕೆಂಪು ಲೈಟ್ ನೋಡ್ಕೊಂಡು ಹೋಗು. ಮಂಜು ಬಿದ್ದಾಗ ಎಲ್ಲರೂ ಹೋಗೋದು ಹಾಗೇ. ಅವ್ನು ತಿರುಗಿಸಿದ್ರೆ ತಿರುಗಿಸು, ನಿಲ್ಲಿಸಿದ್ರೆ ನಿಲ್ಸು. ಸ್ವಂತ ಬುದ್ಧಿ ಮಾತ್ರ ಉಪಯೋಗಿಸ್ಬೇಡ."

ಈ ಉಪದೇಶವನ್ನು ನಾನು ಅಕ್ಷರಶಃ ಪಾಲಿಸಿದೆ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ದೇವರು ದೊಡ್ಡವನು, ಮುಂದೆ ಒಂದು ಪಿಕಪ್ ಸಿಕ್ಕಿತು. ಅದರ ಕೆಂಪು ದೀಪವನ್ನು ಗರ್ಭಗುಡಿಯ ನಂದಾದೀಪದಂತೆ ಕಣ್ಣಿಗೊತ್ತಿಕೊಂಡು ಹೊರಟೆ. ಕನ್ನಡಿ ನೋಡಿದರೆ ನನ್ನ ಹಿಂದೆಯೂ ಒಂದು ಗಾಡಿ. ನನ್ನನ್ನೂ ನಂಬಿ ಬರುವವರಿದ್ದಾರೆ! ಬೆನ್ನು ತಾನಾಗಿ ನೆಟ್ಟಗಾಯಿತು.

ಪಿಕಪ್ ಎಡಕ್ಕೆ ತಿರುಗಿತು, ನಾನೂ ತಿರುಗಿಸಿದೆ. ರಸ್ತೆ ಇಳಿಜಾರಾಯಿತು, ತಿರುವುಗಳು ಬಂದವು.

"ಘಾಟಿ ಶುರುವಾಯ್ತು ಕಣ್ರೀ. ಆದ್ರೆ ಗುಡಿ ಬರ್ಲೇ ಇಲ್ವಲ್ಲ?"

"ಮಂಜಲ್ಲಿ ಹಿಂದೆ ಹೋಗಿರ್ಬೇಕು. ಇಲ್ಲಿಂದ್ಲೇ ಕೈಮುಗಿ."

"ಸ್ಟೇರಿಂಗ್ ಯಾರು ಹಿಡೀತಾರೆ?"

"ಮನಸ್ಸಲ್ಲೇ ಮುಗಿ ಮಾರಾಯ್ತಿ."

ಮನಸ್ಸಲ್ಲೇ ಮುಗಿದೆ. ತಿರುವಿನ ಮೇಲೆ ತಿರುವು ಇಳಿಸಿದೆ. "ಪರವಾಗಿಲ್ವೇ, ಚೆನ್ನಾಗೇ ಇಳಿಸ್ತೀಯ" ಎಂದರು ಇವರು. ಮದುವೆಯಾದ ಮೇಲೆ ಇವರ ಬಾಯಿಂದ ಬಂದ ಮೊದಲ ಪ್ರಶಂಸೆ ಅದು. ಅನುಭವಿಸಲು ಸಮಯ ಸಿಗಲಿಲ್ಲ.

"ರೀ, ಹಂಪ್."

"ಘಾಟೀಲಿ ಹಂಪಾ?"

"ಈಗ ಎಲ್ಲ ಕಡೆ ಹಾಕ್ತಾರೆ" ಎಂದು ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಹತ್ತಿಸಿದೆ. ಕಾರು ಹತ್ತಿತು. ಇಳಿಯಲಿಲ್ಲ.

ಮುಂದಿನ ಕೆಂಪು ದೀಪ ಪಕ್ಕಕ್ಕೆ ಸರಿದು ಆರಿತು. ನಾಯಿ ಬೊಗಳಿತು. ಮಂಕಿ ಕ್ಯಾಪ್ ಹಾಕಿದ ಗೌಡರೊಬ್ಬರು ಪಿಕಪ್ಪಿನಿಂದಿಳಿದು ನನ್ನ ಕಿಟಕಿಗೆ ಬಗ್ಗಿದರು.

"ಯಾರು ಬೇಕಿತ್ತು?"

"ಧರ್ಮಸ್ಥಳ" ಎಂದೆ.

"ಇದು ನಮ್ಮ ಕಾಫಿ ಕಣ ಅಕ್ಕ. ನೀವು ಹತ್ತಿರೋದು ನಮ್ಮ ಕಾಫಿ ಹಣ್ಣಿನ ಮೇಲೆ."

ಇಬ್ಬನಿ ಹಿಡಿಯದಿರಲೆಂದು ಒಣಗುವ ಹಣ್ಣನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚುವುದು ನಮ್ಮ ಕಣದಲ್ಲೂ ನಡೆಯುವ ಕೆಲಸ. ಆ ರಾಶಿಯನ್ನು ರಸ್ತೆಯ ಹಂಪೆಂದು ತಿಳಿದು ಹತ್ತಿದ ಕೀರ್ತಿ ಮಾತ್ರ ನನ್ನದೊಬ್ಬಳದೇ.

"ಘಾಟಿ ಎಷ್ಟು ಇಳಿದಿರಬಹುದು ನಾವು?" ಇವರು ಗಂಭೀರವಾಗಿ ಕೇಳಿದರು.

"ಕೊಟ್ಟಿಗೆಹಾರವೇ ಬಂದಿಲ್ಲ ಸ್ವಾಮಿ, ಘಾಟಿ ಎಲ್ಲಿಂದ ಬರ್ಬೇಕು? ನೀವು ಇಳಿದಿದ್ದು ನಮ್ಮ ತೋಟ."

ಅಷ್ಟರಲ್ಲಿ ನನ್ನನ್ನು ನಂಬಿ ಬಂದ ಗಾಡಿಯೂ ಬಂದು ನಿಂತಿತು. ವ್ಯಾನಿನ ತುಂಬ ಕಪ್ಪು ಪಂಚೆಯ ಅಯ್ಯಪ್ಪ ಸ್ವಾಮಿಗಳು. ಒಬ್ಬರು ಇಳಿದು, ಚಳಿಗೆ ಕೈ ಉಜ್ಜುತ್ತ, "ದರ್ಶನಕ್ಕೆ ಕ್ಯೂ ಎಲ್ಲಿಂದಮ್ಮ?" ಎಂದು ಕೇಳಿದರು.

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟರೂ ಟಾರ್ಪಾಲು ಅಡ್ಡ ಇತ್ತು.

ಸ್ವಾಮಿಗಳೆಲ್ಲ ಸೇರಿ ಶರಣು ಕೂಗಿ ತಳ್ಳಿದ್ದಕ್ಕೆ ಕಾರು ಕೆಳಗಿಳಿಯಿತು. ನಾನು ತಪ್ಪಾಯಿತೆಂದರೆ ಗೌಡರು, "ಇರ್ಲಿ ಬಿಡಿ ಅಕ್ಕ, ಸಿಪ್ಪೆ ಬಿಡಿಸೋ ಕೆಲಸ ಅರ್ಧ ಮುಗಿಸಿಕೊಟ್ರಿ" ಎಂದು ನಕ್ಕರು. ಅವರ ಮನೆಯಾಕೆ ಎಲ್ಲರಿಗೂ ಬಿಸಿ ಕಾಫಿ ಕೊಟ್ಟರು. ಮಂಜು ತೆಳುವಾದಾಗ ನೋಡಿದರೆ ರಾಶಿಯ ಆಚೆಗೇ ಕೆರೆ! ಮಂಜುನಾಥ ಕಾಫಿ ಹಣ್ಣಿನ ರೂಪದಲ್ಲಿ ಅಡ್ಡ ಮಲಗಿದ್ದನೆಂದು ಅಲ್ಲೇ ಕೈಮುಗಿದೆ. ಈ ಸಲ ಎರಡೂ ಕೈ.

ಆಮೇಲೆ ಕೀಯನ್ನು ಇವರ ಮುಂದೆ ಹಿಡಿದೆ. "ತಗೊಳ್ಳಿ. ಸೋತೆ."

ಇವರು ತೆಂಗಿನಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು. ಉಪದೇಶ ಕೊಟ್ಟವರು ಯಾರೆಂಬುದು ನೆನಪಾಗಿರಬೇಕು. "ಘಾಟಿ ಇಳಿಸಿದ್ರೆ ಅಂತ ತಾನೆ ಮಾತು? ಘಾಟಿ ಇನ್ನೂ ಬಂದೇ ಇಲ್ಲ. ಹತ್ತು."

"ಈ ಸಲ ನಾವೇ ಮುಂದೆ ಹೋಗ್ತೀವಮ್ಮ" ಎಂದು ಸ್ವಾಮಿಗಳು ಮೊದಲು ಹೊರಟರು. ಗುಡಿಯಲ್ಲಿ ಕಾಯಿ ಒಡೆದು, ಎಳೆಬಿಸಿಲಿನಲ್ಲಿ ಚಾರ್ಮಾಡಿಯ ಅಷ್ಟೂ ತಿರುವು ಇಳಿಸಿದೆ. ಇವರು ಒಂದೂ ಸಲಹೆ ಕೊಡಲಿಲ್ಲ. ಅದೇ ದೊಡ್ಡ ಪ್ರಸಾದ.

ಕೀ ಈಗ ನನ್ನದು, ದೇವರ ಗೂಡಿನಲ್ಲಿರುತ್ತದೆ. ಕಾರಿನ ಹಿಂದಿನ ಗಾಜಿನ ಮೇಲೆ ದೇವರ ಹೆಸರು ಬರೆಸಿಕೊಂಡು ಬನ್ನಿ ಎಂದಿದ್ದೆ. ಇವರು ಬರೆಸಿಕೊಂಡು ಬಂದದ್ದು ಹೀಗೆ: 'ದೇವರನ್ನು ಹಿಂಬಾಲಿಸಿ, ಈ ಕಾರನ್ನಲ್ಲ.'

ಓದಿದವರೆಲ್ಲ ನನ್ನನ್ನು ಓವರ್‌ಟೇಕ್ ಮಾಡಿ ಹೋಗುತ್ತಾರೆ. ಹೋಗಲಿ ಪಾಪ. ಮಂಜಿನ ದಿನ ನನಗೂ ಮುಂದೊಂದು ಕೆಂಪು ದೀಪ ಬೇಕಲ್ಲ.