ನಮ್ಮ ಹಿತ್ತಲಿನ ಸೀಮೆಎಣ್ಣೆ

ತಪ್ಪು ಮಾಡಿದವನ ಮನೆ ಬಾಗಿಲು ತಟ್ಟುವ ಪದ್ಧತಿ ನಮ್ಮ ಗೌರಿಬಿದನೂರಿನಲ್ಲಿ ಇರಲೇ ಇಲ್ಲ. ತಪ್ಪು ಯಾರ ಮನೆಯಲ್ಲಿ ನಾರುತ್ತದೋ ಆ ಮನೆಗೇ ಎಲ್ಲರೂ ಬರುತ್ತಿದ್ದರು. ಅರವತ್ತರ ದಶಕದಲ್ಲಿ ನಾನು ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರಾಗಿದ್ದೆ. ನನ್ನ ಚಿನ್ನದ ಬಳೆ ಮಾರಿ ಸ್ಟೇಷನ್ ಹತ್ತಿರ ಪುಟ್ಟ ಮನೆ ಕಟ್ಟಿಸಿದ್ದೆವು. ಹಿತ್ತಲಲ್ಲಿ ಸಿಹಿನೀರಿನ ಬಾವಿ ಇತ್ತು, ಆ ಬಾವಿಯ ಆಸೆಗೇ ಆ ಜಾಗ ಕೊಂಡಿದ್ದು. ಗೋಡೆಯಾಚೆ ಸೀಮೆಎಣ್ಣೆ ಸಾಹುಕಾರರ ಡಿಪೋ. ಅವರ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ.

೧. ಅದೃಷ್ಟ

ಮೊದಲು ಕಂಡುಹಿಡಿದವರು ನಮ್ಮ ಅತ್ತೆ. ಹಿಂದೂಪುರದ ಕಡೆಯವರು, ಸಿಟ್ಟು ಬಂದರೆ ತೆಲುಗೂ ಬರುತ್ತಿತ್ತು. ಬೆಳಿಗ್ಗೆ ಕಾಫಿ ಒಂದು ಗುಟುಕು ಕುಡಿದು ಲೋಟ ಕುಕ್ಕಿದರು.

"ಇದೇಮಿ ಕಾಫೀನೇ? ದೀಪಕ್ಕೆ ಹಾಕೋದನ್ನ ನನಗೆ ಕೊಟ್ಟಿದ್ದೀಯ!"

ಯಾವತ್ತಿನ ತಕರಾರೇ ಅಂದುಕೊಂಡು, ವಾದ ಮಾಡಿ, ಪೂರ್ತಿ ಲೋಟ ಕುಡಿಸಿದೆ. ಆಮೇಲೆ ನಾನು ಕುಡಿದೆ. ಎದ್ದು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದರೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಹಿತ್ತಲ ಮಣ್ಣು ಹಿಡಿಯಷ್ಟು ತೆಗೆದು ಮೂಸಿದೆ, ಅದೇ ನಾತ.

ನೇರ ಸಾಹುಕಾರರ ಹತ್ತಿರ ಹೋದೆ. ನೆಲದಲ್ಲಿ ಹೂತಿಟ್ಟಿರುವ ನಿಮ್ಮ ಟ್ಯಾಂಕು ಸೋರುತ್ತಿದೆ, ನಮ್ಮ ಬಾವಿ ಹಾಳಾಯಿತು ಎಂದೆ. ಅವರು ನಿಧಾನವಾಗಿ ಎಲೆಗೆ ಸುಣ್ಣ ಸವರಿದರು.

"ನಮ್ ಟ್ಯಾಂಕು ಒಂದು ಹನೀನೂ ಸೋರಲ್ಲ ಟೀಚರಮ್ಮ. ನಿಮ್ ಜಾಗದಲ್ಲೇ ಎಣ್ಣೆ ಹುಟ್ತಿರಬೇಕು. ಅರಬ್ ದೇಶದಲ್ಲೆಲ್ಲ ಹಂಗೇ ಅಂತೆ. ಅದೃಷ್ಟವಂತರು ಕಣಮ್ಮ ನೀವು!"

೨. ಕಲಬೆರಕೆ

ಅವತ್ತಿನಿಂದ ಶಾಲೆಗೆ ಹೋಗುವ ಮುಂಚೆ ಸ್ಟೇಷನ್ನಿನ ನಲ್ಲಿಯಿಂದ ಬಿಂದಿಗೆ ಹೊರುವುದು ನನ್ನ ಪಾಲಿಗೆ ಬಂತು. ಸ್ವಂತ ಬಾವಿ ಇಟ್ಟುಕೊಂಡು ಊರ ನಲ್ಲಿಯಲ್ಲಿ ಜಗಳ ಆಡುವ ಕರ್ಮ.

ಅದೇ ಸಮಯಕ್ಕೆ ಊರಲ್ಲಿ ಸೀಮೆಎಣ್ಣೆ ಸಿಗದೆ ಜನ ಪರದಾಡುತ್ತಿದ್ದರು. ಒಂದು ದಿನ ಬಿಂದಿಗೆ ಹೊತ್ತು ಮನೆಗೆ ಬಂದರೆ ನಮ್ಮ ಬಾಗಿಲಲ್ಲಿ ಹೆಂಗಸರ ಕ್ಯೂ. ಕೈಯಲ್ಲಿ ಬಾಟಲಿ, ಡಬ್ಬ.

"ಮೇಲ್ಮೇಲೆ ತೇಲೋದನ್ನ ಒಂಚೂರು ತಗೋತೀವಿ ಟೀಚರಮ್ಮ" ಎಂದರು.

"ಬರೀ ಮೇಲಿಂದಲ್ಲ, ಬಾವೀನೇ ಎತ್ಕೊಂಡು ಹೋಗ್ರಮ್ಮ" ಎಂದೆ. ಅವರು ಬಟ್ಟೆ ಇಳಿಬಿಟ್ಟು, ನೆನೆಸಿ, ಹಿಂಡಿ ತುಂಬಿಸಿಕೊಂಡು ಹೋದರು. ಇಷ್ಟಾದರೂ ಉಪಕಾರವಾಯಿತಲ್ಲ ಅಂದುಕೊಂಡೆ.

ಮರುದಿನ ಅವರಲ್ಲೊಬ್ಬಾಕೆ ಮುಖ ಊದಿಸಿಕೊಂಡು ವಾಪಸ್ಸು ಬಂದಳು.

"ದೀಪ ಹಚ್ಚಿದ್ರೆ ಚಟಚಟ ಅಂತದೆ. ನೀವೂ ಎಣ್ಣೆಗೆ ನೀರು ಬೆರೆಸೋಕೆ ಶುರು ಮಾಡಿದ್ರಾ ಟೀಚರಮ್ಮ?"

೩. ಗುಡ್ಡೆ

ಪುರಸಭೆಗೆ ಅಲೆದು ಅಲೆದು ಚಪ್ಪಲಿ ಸವೆಸಿದ ಮೇಲೆ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಮೂಗಿಗೆ ಕರ್ಚೀಫು ಹಿಡಿದು, "ಕೆಟ್ಟ ಮಣ್ಣು ತೆಗೆಸಬೇಕು" ಎಂದು ಅಪ್ಪಣೆ ಕೊಟ್ಟರು. ಆಳುಗಳು ಬಂದು ಅರ್ಧ ಹಿತ್ತಲು ಅಗೆದರು. ನನ್ನ ಕರಿಬೇವು ಹೋಯಿತು, ಮಲ್ಲಿಗೆ ಬಳ್ಳಿ ಹೋಯಿತು, ಬಟ್ಟೆ ಒಗೆಯುವ ಕಲ್ಲು ಹೊಂಡಕ್ಕೆ ಮಗುಚಿಕೊಂಡಿತು. ಬಚ್ಚಲ ಗೋಡೆ ಬಿರುಕು ಬಿಟ್ಟಿತು. ಅಗೆದ ಮಣ್ಣನ್ನು ಬೀದಿಬಾಗಿಲಿಗೆ ಅಡ್ಡವಾಗಿ ಸುರಿದು, "ಗಾಡಿ ಬರ್ತದೆ" ಎಂದು ಹೇಳಿ ಹೋದರು.

ಗಾಡಿ ಬರಲಿಲ್ಲ. ನಾನು ಸೀರೆ ಎತ್ತಿ ಹಿಡಿದು ಗುಡ್ಡೆ ಹತ್ತಿ ಇಳಿದು ಶಾಲೆಗೆ ಹೋಗುತ್ತಿದ್ದೆ. ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದರು. ಗಾಡಿಯ ಬದಲು ಪುರಸಭೆಯಿಂದ ನೋಟೀಸು ಬಂತು. ರಸ್ತೆಯಲ್ಲಿ ಮಣ್ಣು ಸುರಿದು ಅಡ್ಡಿಪಡಿಸಿದ್ದೀರಿ, ಕೂಡಲೇ ತೆಗೆಯಿರಿ ಅಂತ! ರುಜು ಅದೇ ಹೆಲ್ತ್ ಇನ್‌ಸ್ಪೆಕ್ಟರದು.

ನೋಟೀಸನ್ನು ಅವರ ಮೇಜಿನ ಮೇಲೆ ಕುಕ್ಕಿ, "ಸುರಿಸಿದವರು ನೀವೇ ಅಲ್ವೇನ್ರೀ?" ಎಂದು ಕೂಗಾಡಿದೆ.

ಅವರು ಶಾಂತವಾಗಿ ಹೇಳಿದರು: "ಹೊಂಡ ತೋಡಿಸಿದ್ದು ಆರೋಗ್ಯದ ಲೆಕ್ಕಕ್ಕಮ್ಮ. ಗುಡ್ಡೆ ರಸ್ತೆ ಲೆಕ್ಕಕ್ಕೆ ಬರ್ತದೆ. ರಸ್ತೆಯವರು ರಜದಲ್ಲಿದ್ದಾರೆ, ಅವರ ಪರವಾಗಿ ನಾನೇ ನಿಮ್ಮ ಮೇಲೆ ಕ್ರಮ ತಗೋಬೇಕಾಯ್ತು."

೪. ವಾರಸುದಾರ

ಹಿತ್ತಲು ಅಗೆದರೂ ಟ್ಯಾಂಕು ಸೋರುವುದು ನಿಲ್ಲಲಿಲ್ಲ. ನಮ್ಮ ಯಜಮಾನರು ಬಾವಿಯ ಎಣ್ಣೆ ತೆಗೆತೆಗೆದು ಡಬ್ಬಗಳಿಗೆ ತುಂಬಿಸಿ ಜಗುಲಿ ಮೇಲಿಟ್ಟಿದ್ದರು. ಚರಂಡಿಗೆ ಚೆಲ್ಲಿದರೆ ಇನ್ನೊಬ್ಬರ ಬಾವಿ ಕೆಡುತ್ತದಲ್ಲ ಎನ್ನುವ ಒಳ್ಳೆಯತನ. ಆ ಒಳ್ಳೆಯತನಕ್ಕೆ ತಾಲ್ಲೂಕು ಕಚೇರಿಯ ರೇಷನ್ ಇನ್‌ಸ್ಪೆಕ್ಟರು ಜವಾನನ ಜೊತೆ ಬಂದು ನಿಂತರು.

"ಲೈಸೆನ್ಸ್ ಇಲ್ದೆ ಸೀಮೆಎಣ್ಣೆ ದಾಸ್ತಾನು ಮಾಡಿದ್ದೀರಿ."

ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ಇದು ನನ್ನ ಎಣ್ಣೆ ಅಲ್ಲ ಸ್ವಾಮಿ. ನನ್ನ ಬಾವಿ ಹಾಳು ಮಾಡಿದ ಎಣ್ಣೆ. ಪಕ್ಕದ ಸಾಹುಕಾರರನ್ನ ಕೇಳಿ."

"ಕೇಳಿದೆ. ತಮ್ದಲ್ಲ ಅಂತ ಅವರು ಹೇಳಿದ್ರು. ವಾರಸುದಾರರಿಲ್ಲದ ಮಾಲು ಅಂದ್ರೆ ಸರ್ಕಾರದ್ದು" ಎಂದು ಜವಾನನ ಕಡೆ ತಿರುಗಿದರು. "ಎಲ್ಲಾ ಡಬ್ಬಾನೂ ಸೊಸೈಟಿ ಅಂಗಡಿಗೆ ಸಾಗಿಸಪ್ಪ."

ಸೊಸೈಟಿ ಅಂಗಡಿ ಎಂದರೆ ಸಾಹುಕಾರರ ವ್ಯಾಪಾರಕ್ಕೆ ಕಲ್ಲು ಹಾಕುತ್ತಿದ್ದ ಅಂಗಡಿ. ಗೋಡೆಯಾಚೆ ಕಿವಿಯಿಟ್ಟು ನಿಂತಿದ್ದರೋ ಏನೋ, ಅವರು ಪಂಚೆ ಎತ್ತಿಕೊಂಡು ಓಡಿ ಬಂದರು. ಬೀದಿಯ ಜನವೆಲ್ಲ ಸೇರಿತ್ತು.

"ಸ್ವಾಮೀ, ಅದು ನನ್ ಮಾಲು! ಸೊಸೈಟಿಯವರಿಗೆ ಹೆಂಗ್ರೀ ಕೊಡ್ತೀರಾ?"

"ಏನು ಸಾಕ್ಷಿ?" ಎಂದರು ಇನ್‌ಸ್ಪೆಕ್ಟರು.

"ಸಾಕ್ಷೀನಾ? ಬನ್ನಿ ತೋರಿಸ್ತೀನಿ! ಟ್ಯಾಂಕಿನ ತಳ ತುಕ್ಕು ಹಿಡಿದು ತೂತು ಬಿದ್ದೈತೆ. ಶಿವರಾತ್ರಿಯಿಂದ ಸೋರ್ತಾನೇ ಐತೆ! ಇಲ್ಲಿರೋದೆಲ್ಲ ನಂದೇ, ಒಂದು ಹನೀನೂ ಬೇರೆಯವರದ್ದಲ್ಲ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಇನ್‌ಸ್ಪೆಕ್ಟರು ನನ್ನ ಮುಖ ನೋಡಿದರು. ಇಷ್ಟು ತಿಂಗಳ ಬಿಂದಿಗೆಯ ಭಾರವೆಲ್ಲ ನನ್ನ ಬಾಯಿಗೆ ಬಂತು.

"ಸಂತೋಷ ಸಾಹುಕಾರ್ರೇ. ಬಾವೀಲಿರೋದೂ ನಿಮ್ದೇ, ಹಿತ್ತಲ ಮಣ್ಣಲ್ಲಿರೋದೂ ನಿಮ್ದೇ. ಟ್ಯಾಂಕಿನ ತೂತು ಮುಚ್ಚಿಸಿ, ಬಾವಿ ಬರಿದು ಮಾಡಿಸಿ, ಮಣ್ಣು ಸಮೇತ ಪೂರ್ತಿ ತಗೊಂಡು ಹೋಗಿ. ಒಂದು ಹನಿ ಬಿಟ್ಟು ಹೋದ್ರೂ ನಿಮ್ಮ ಮಾಲು ನಾನು ಬಚ್ಚಿಟ್ಟುಕೊಂಡಂಗಾಗುತ್ತೆ."

"ನ್ಯಾಯವಾದ ಮಾತು" ಎಂದರು ಇನ್‌ಸ್ಪೆಕ್ಟರು. "ಎತ್ತಿಸಿ ಸಾಹುಕಾರ್ರೇ."

ಸಾಹುಕಾರರು ಹೊಂಡ ನೋಡಿದರು, ಬಾವಿ ನೋಡಿದರು, ಬಾಗಿಲಲ್ಲಿದ್ದ ಗುಡ್ಡೆ ನೋಡಿದರು. ದನಿ ಇಳಿಯಿತು.

"ಅಷ್ಟು ಮಣ್ಣು ನಾನೇನ್ ಮಾಡ್ಲಿ ಟೀಚರಮ್ಮ? ಮಣ್ಣು ಬೇಡ, ನನಗೆ ಎಣ್ಣೆ ಒಂದೇ ಸಾಕು."

"ಹಂಗಾದ್ರೆ ಇಲ್ಲೇ ಕೂತು ಹಿಂಡ್ಕೊಂಡು ಹೋಗಿ" ಎಂದೆ.