ಭೂತಕ್ಕೆ ಕೊಟ್ಟ ಮಾತು

ಹೆಂಡತಿ ಸದಾ ಸತ್ಯವನ್ನೇ ನುಡಿಯಬೇಕೆಂದು ಆಸೆಪಡುವ ಗಂಡಸರು, ಅದನ್ನು ಎಲ್ಲಿ, ಯಾರ ಮುಂದೆ ನುಡಿಯಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡರೆ ಸಂಸಾರ ಸಲೀಸು. ನಾನು ಗೊತ್ತುಮಾಡಿಕೊಂಡಿರಲಿಲ್ಲ. ನನ್ನಾಕೆ ಪ್ರಭಾವತಿ ನನ್ನ ಪರವಾಗಿ ಹೇಳುತ್ತಿದ್ದ ಸಣ್ಣಪುಟ್ಟ ಸುಳ್ಳುಗಳು ನಲ್ಲಿಯ ನೀರಿನ ಹಾಗೆ ಸದಾ ಬರುತ್ತಲೇ ಇರುತ್ತವೆ ಎಂದುಕೊಂಡಿದ್ದೆ. ಮುಳಬಾಗಿಲಿನಲ್ಲಿ ಸಂಸಾರ ಮಾಡಿಕೊಂಡು ನಲ್ಲಿಯ ನೀರನ್ನು ನಂಬಿದವನ ಬುದ್ಧಿ ಎಷ್ಟರದೆಂದು ನೀವೇ ಲೆಕ್ಕಹಾಕಿ. ಆ ನೀರು ನಿಂತದ್ದು ಒಂದು ಆಟದಿಂದ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಊರಿನ ಕಾಲೇಜೊಂದರಲ್ಲಿ ಅಕೌಂಟೆನ್ಸಿ ಮೇಷ್ಟ್ರು. ಜೊತೆಯ ಕೆಮಿಸ್ಟ್ರಿ ಮೇಷ್ಟ್ರು ಚಲಪತಿ ಬೆಂಗಳೂರಿಗೆ ಹೋದಾಗ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಹೊತ್ತು ತಂದ. ಮೇಲೆ ಡ್ರ್ಯಾಗನ್ನಿನ ಚಿತ್ರ, ಒಳಗೆಲ್ಲ ಆಟದ ನಿಯಮಗಳು. ಹಲಗೆಯಿಲ್ಲ, ಕಾಯಿಯಿಲ್ಲ, ಇಸ್ಪೀಟೂ ಇಲ್ಲ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಒಬ್ಬೊಬ್ಬರಾಗಿ ಏನು ಮಾಡುತ್ತೇವೆಂದು ಹೇಳುತ್ತ ಹೋಗುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಹಲವು ಮುಖದ ದಾಳಗಳು ಹೇಳಬೇಕು. ಅಂಥ ದಾಳ ನಮ್ಮಲ್ಲಿ ಎಲ್ಲಿ ಸಿಗಬೇಕು? ಚಲಪತಿ ಹುಣಸೆಬೀಜಗಳ ಮೇಲೆ ಅಂಕಿ ಬರೆದು ಚೊಂಬಿಗೆ ಹಾಕಿ ಕುಲುಕಿದ.

“ಕೊನೆಗೆ ಗೆಲ್ಲೋದು ಯಾರಯ್ಯಾ?” ಎಂದೆ.

“ಯಾರೂ ಗೆಲ್ಲಲ್ಲ ಸಾರ್.”

“ಮತ್ಯಾಕೆ ಆಡೋದು?”

“ನೀವು ಕಾಮರ್ಸಿನವರು ಸಾರ್. ನಿಮಗೆ ಹೇಗೆ ಹೇಳ್ಲಿ?” ಎಂದು ಚಲಪತಿ ನಿಟ್ಟುಸಿರುಬಿಟ್ಟ.

ಹೀಗೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ನಡುಮನೆಯ ಚಾಪೆಯ ಮೇಲೆ ರಾಜ್ಯಗಳು ಎದ್ದವು. ಪ್ರಭಾವತಿ ಮಂತ್ರಗಾತಿ. ಅವಳ ತಂಗಿ ಸುಮ ಬಿಲ್ಲುಗಾರ್ತಿ. ಸುಮ ಆಗ ನಮ್ಮ ಮನೆಯಲ್ಲೇ ಇದ್ದು ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ನಾನು ಖಡ್ಗ ಹಿಡಿದ ವೀರ. ಬೀದಿಯಲ್ಲಿ ನಾಯಿ ಅಡ್ಡ ಮಲಗಿದ್ದರೆ ಸ್ಕೂಟರನ್ನು ಇನ್ನೊಂದು ಬೀದಿಗೆ ತಿರುಗಿಸುವ ನನಗೆ ಇದಕ್ಕಿಂತ ಒಳ್ಳೆಯ ವೇಷ ಯಾವುದಿದೆ?

ಆದರೆ ವೀರನಿಗೂ ನನ್ನದೇ ಬುದ್ಧಿ. ಎಲ್ಲರೂ ಬೇಡವೆಂದರೂ ಪಾಳುಬಾವಿಯೊಂದಕ್ಕೆ ಬಗ್ಗಿ ನೋಡಿ ಒಳಗೆ ಬಿದ್ದ. ಹುಣಸೆಬೀಜಗಳೆಲ್ಲ ನನ್ನ ವಿರುದ್ಧವೇ ಬಂದವು. ಆಗ ಬಾವಿಯಲ್ಲಿದ್ದ ಭೂತ ಮೇಲೆ ಬಂತು. ಅಂದರೆ ಚಲಪತಿ ಗಂಟಲು ದಪ್ಪ ಮಾಡಿಕೊಂಡ. “ಮಂತ್ರಗಾತಿ, ಇವನನ್ನ ಎತ್ತಿಕೊಡ್ತೀನಿ. ಬದಲಿಗೆ ನಿನ್ನ ಸುಳ್ಳು ನನಗೆ ಕೊಡು. ಇನ್ನು ಮೇಲೆ ಯಾರಿಗಾಗಿಯೂ ನೀನು ಸುಳ್ಳು ಹೇಳಬಾರದು.”

ಪ್ರಭಾವತಿ ಗಲ್ಲಕ್ಕೆ ಕೈಹಚ್ಚಿ ಕೂತಳು.

“ಬೇಗ ಹೂಂ ಅನ್ನೇ, ಮುಳುಗ್ತಿದೀನಿ!” ಎಂದೆ.

“ತಡೀರಿ, ಯೋಚನೆ ಮಾಡ್ತಿದೀನಿ,” ಎಂದಳು. ಅಗ್ನಿಸಾಕ್ಷಿಯಾಗಿ ಕೈಹಿಡಿದವನನ್ನು ಎತ್ತಿಸಲು ಅಷ್ಟು ಯೋಚನೆ ಬೇಕಾದದ್ದು ನನಗೆ ಇಂದಿಗೂ ಸ್ವಲ್ಪ ನೋವೇ. ಕೊನೆಗೆ, “ಆಯ್ತು, ಮಾತು ಕೊಟ್ಟೆ,” ಎಂದಳು. ನಾನು ಒದ್ದೆಮುದ್ದೆಯಾಗಿ ಮೇಲೆ ಬಂದೆ.

ಮರುದಿನ ಸಂಜೆ ಮೂಲೆಮನೆಯ ಶೇಷಗಿರಿರಾಯರು ಬಂದರು. ಅವರಿಗೆ ಓಣಿಯ ಗೋಡೆಯೊಂದರ ವಿಚಾರವಾಗಿ ಕೋರ್ಟಿನಲ್ಲಿ ದಾವೆಯಿತ್ತು. ಅದರ ಪುರಾಣವನ್ನು ಮೊದಲಿಂದ ಕೇಳಲು ಅವರಿಗೆ ಯಾವಾಗಲೂ ಒಂದು ಜೊತೆ ಕಿವಿ ಬೇಕು. ಗೇಟಿನ ಸದ್ದಾದೊಡನೆ ನಾನು ಹಿತ್ತಲು ಸೇರುವುದು, ಪ್ರಭಾವತಿ “ಊರಲ್ಲಿಲ್ಲ” ಎನ್ನುವುದು ವಾಡಿಕೆ. ಆ ದಿನ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು: “ಇದಾರೆ ರಾಯರೇ. ಹಿತ್ತಲಲ್ಲಿ ಸೀಬೆಮರದ ಹಿಂದೆ ನಿಂತಿದಾರೆ. ಕರೀಲಾ?”

ರಾಯರು ಹೋಗುವ ಹೊತ್ತಿಗೆ ಗೋಡೆಯ ಒಂದೊಂದು ಇಟ್ಟಿಗೆಯೂ ನನಗೆ ಪರಿಚಯವಾಗಿತ್ತು. “ಅದು ಆಟ ಕಣೇ!” ಎಂದು ಕೂಗಾಡಿದೆ.

“ಆಟದಲ್ಲಿ ಮಾತು ಕೊಟ್ಟಿದ್ದು ಈ ಬಾಯೇ ತಾನೇ? ನಿಮಗೋಸ್ಕರ ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು ರೀ. ಈಗ ಎಷ್ಟು ಹಗುರವಾಗಿದೆ ಗೊತ್ತಾ?”

ಅವಳಿಗೆ ಬೇಕಾಗಿದ್ದದ್ದು ಒಂದು ನೆಪ, ಅದನ್ನು ಭೂತ ಒದಗಿಸಿತ್ತು. ಚಲಪತಿಯ ಬಳಿ ದೂರು ಒಯ್ದೆ. ಅವನು ಪುಸ್ತಕ ತಿರುವಿ, ಒಪ್ಪಂದ ಮುರಿದರೆ ಮಂತ್ರಶಕ್ತಿ ಹೋಗುತ್ತದೆಂದು ಬರೆದಿದೆ, ಗಂಡನ ಗತಿಯೇನೆಂದು ಬರೆದಿಲ್ಲ ಎಂದ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಷ್ಟರಲ್ಲಿ ಸುಮಳಿಗೊಂದು ಸಂಬಂಧ ಬಂತು. ಹುಡುಗ ಮುರಳಿ, ತಾಯಲೂರಿನಲ್ಲಿ ದನದ ಡಾಕ್ಟರು. ಮನೆಯವರು ಶ್ರೀನಿವಾಸಪುರದ ಕಡೆಯವರು, ದೊಡ್ಡ ಮಾವಿನ ತೋಪು. ತೊಡಕಿದ್ದದ್ದು ಆ ತೋಪಿನಲ್ಲೇ. ಸುಮಳಿಗೆ ಉಬ್ಬಸ. ಉಳಿದ ಕಾಲದಲ್ಲಿ ಜಿಂಕೆಯಂತಿರುವ ಹುಡುಗಿ, ಮಾವು ಹೂಬಿಟ್ಟಿತೆಂದರೆ ದಿಂಬಿಗೊರಗಿ ಕೂತು ಉಸಿರು ಎಳೆಯುತ್ತಾಳೆ. ಮಾಲೂರಿನಿಂದ ಬಂದ ನಮ್ಮ ಮಾವ ಹಿರಿಮಗಳನ್ನು ಅಡುಗೆಮನೆಗೆ ಕರೆದು, “ಆ ವಿಷಯ ಮಾತ್ರ ಎತ್ತಬೇಡಮ್ಮ,” ಎಂದರು. “ನಾನಾಗಿ ಎತ್ತಲ್ಲ ಅಪ್ಪ. ಕೇಳಿದ್ರೆ ಸುಳ್ಳೂ ಹೇಳಲ್ಲ,” ಎಂದಳು ಪ್ರಭಾವತಿ.

ಹೆಣ್ಣು ನೋಡಲು ಮಗನೊಂದಿಗೆ ಬಂದ ಹುಡುಗನ ತಾಯಿ ಕೋಡುಬಳೆ ಮುರಿಯುತ್ತ, “ನಮ್ಮ ತೋಪು ಹೂ ಬಿಟ್ಟಾಗ ನೋಡ್ಬೇಕು, ಮನೆಯೊಳಗೆಲ್ಲ ಘಮಘಮ,” ಎಂದು ವರ್ಣಿಸಿ, ಮಾತಿಗೆ ಮಾತು ಬಂದು ಕೇಳಿದರು: “ಹುಡುಗೀಗೆ ಆರೋಗ್ಯದ್ದೇನೂ ತೊಂದರೆ ಇಲ್ಲ ಅಲ್ವಾ?” ಮಾವನವರು ಕೆಮ್ಮಿದರು. ನಾನು ಕಾಫಿ ಬೇಕೇ ಎಂದೆ. ಪ್ರಭಾವತಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

“ಏಮ್ಮಾ, ನಿಜಂಗಾ?” ಆಕೆಗೆ ಗಾಬರಿಯಲ್ಲಿ ಮನೆಮಾತು ತೆಲುಗೇ ಬಂದುಬಿಟ್ಟಿತು. “ತಿಳಿಸ್ತೀವಿ” ಎಂದು ಎಲ್ಲರೂ ಎದ್ದರು. ಕೆಟ್ಟದ್ದನ್ನು ಸರಿಪಡಿಸೋಣವೆಂದು ನಾನು ಗೇಟಿನವರೆಗೆ ಓಡಿ, ಹುಡುಗನ ತಂದೆಗೆ, “ತಪ್ಪು ತಿಳೀಬೇಡಿ, ನನ್ನ ಹೆಂಡತಿ ಭೂತಕ್ಕೆ ಮಾತು ಕೊಟ್ಟಿದಾಳೆ,” ಎಂದು ವಿವರಿಸಿದೆ. ಅವರ ನಡಿಗೆ ಇನ್ನಷ್ಟು ಚುರುಕಾಯಿತು.

ಮಾವನವರು ಕಾಫಿಯನ್ನೂ ಮುಟ್ಟದೆ ಮಾಲೂರಿನ ಬಸ್ಸು ಹತ್ತಿದರು. ಸುಮ ಅಳಲಿಲ್ಲ. ಲೋಟಗಳನ್ನು ತೊಳೆಯುತ್ತ ಒಂದೇ ಮಾತು ಹೇಳಿದಳು: “ಮುಚ್ಚಿಡು ಅಂತ ನಾನೂ ಹೇಳ್ತಿರಲಿಲ್ಲಕ್ಕಾ. ಆದ್ರೆ ಉಬ್ಬಸ ನನ್ನದು. ಅಪ್ಪ ಮುಚ್ಚೋಕೆ ಮುಂಚೆ ನನ್ನ ಕೇಳಲಿಲ್ಲ, ನೀನು ಹೇಳೋಕೆ ಮುಂಚೆ ಕೇಳಲಿಲ್ಲ.” ಪ್ರಭಾವತಿಯ ಮುಖ ಸಣ್ಣಗಾಯಿತು. ನಾನು ಗೆದ್ದೆನೆಂದು ಬೀಗಬೇಕಾದ ಗಳಿಗೆ ಅದು. ಯಾಕೋ ಬೀಗಲು ಮನಸ್ಸಾಗಲಿಲ್ಲ.

ಕೆಲವು ವಾರ ಚಾಪೆ ಮಡಿಸಿಯೇ ಇತ್ತು. ಮತ್ತೆ ಬಿಡಿಸಿದ ಭಾನುವಾರವೇ ಬಾಗಿಲಲ್ಲಿ ಬೈಕು ನಿಂತಿತು. ಮುರಳಿ! ಒಬ್ಬನೇ ಬಂದಿದ್ದ.

“ಅಮ್ಮನಿಗೆ ಉಬ್ಬಸದ ಚಿಂತೆ, ಅಪ್ಪನಿಗೆ ಭೂತದ ಚಿಂತೆ,” ಎಂದು ನಾಚಿಕೊಂಡು ನಕ್ಕ. “ಉಬ್ಬಸ ನನಗೆ ಗೊತ್ತು. ಭೂತ ಯಾವುದು ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ.”

ಚಲಪತಿ ತಡಮಾಡದೆ ಅವನನ್ನು ಊರೂರು ಸುತ್ತುವ ವೈದ್ಯನನ್ನಾಗಿ ಮಾಡಿ ಕೂರಿಸಿಕೊಂಡ. ಕತೆ ಕೋಟೆಬಾಗಿಲಿಗೆ ಬಂದಾಗ ಭೂತ ನೇರವಾಗಿ ಹೊಸಬನನ್ನೇ ಹಿಡಿಯಿತು. “ವೈದ್ಯ, ಈ ಬಾಗಿಲು ನಾನು ತೆಗೀತೀನಿ. ಬದಲಿಗೆ ನಿಮ್ಮ ಬಿಲ್ಲುಗಾರ್ತಿಯ ಬಾಣ ಇನ್ನು ಯಾವತ್ತೂ ಗುರಿ ಮುಟ್ಟಬಾರದು. ಒಪ್ಪಿಗೆಯಾ?”

“ಒಪ್ಕೊಳ್ಳಿ ಡಾಕ್ಟ್ರೇ, ಖಡ್ಗ ಹೇಗೂ ನನ್ನ ಹತ್ರ ಇದೆ!” ಎಂದೆ.

ಮುರಳಿ ತಲೆಯಾಡಿಸಿದ. “ಬಾಣ ಅವರದು. ಅವರನ್ನ ಕೇಳದೆ ನಾನು ಹೇಗೆ ಮಾತು ಕೊಡ್ಲಿ?” ಎಂದು ಸುಮಳ ಕಡೆ ತಿರುಗಿದ. “ಏನ್ರೀ, ಕೊಡಬಹುದಾ?”

ಚೊಂಬು ಕುಲುಕುತ್ತಿದ್ದ ಚಲಪತಿಯ ಕೈ ನಿಂತಿತು. ಸುಮ ಮುರಳಿಯನ್ನು ಮೊದಲ ಸಲ ನೆಟ್ಟಗೆ ನೋಡಿದಳು. “ಬೇಡ,” ಎಂದಳು.

“ಹಾಗಾದ್ರೆ ಬೇಡ. ಬೇರೆ ದಾರಿ ಹುಡುಕೋಣ,” ಎಂದ ಮುರಳಿ, ಭೂತಕ್ಕೆ.

ಬೇರೆ ದಾರಿ ಹುಡುಕುವುದರಲ್ಲಿ ನನ್ನ ವೀರನ ಒಂದು ಕಾಲು ಹೋಯಿತು. ಅದನ್ನು ಯಾರೂ ಗಮನಿಸಲಿಲ್ಲ. ಕಾಫಿಯ ಹೊತ್ತಿಗೆ ಸುಮ ಹಿತ್ತಲಿನಲ್ಲಿ ನಿಂತು ತನ್ನ ಉಬ್ಬಸದ ಕತೆಯನ್ನು ತಾನೇ ಅವನಿಗೆ ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಅವನು ಹೋದ ಮೇಲೆ ಸುಮ ಅಕ್ಕನ ಬಳಿ ಬಂದು, “ನನ್ನನ್ನ ಕೇಳಿದ ಮೊದಲನೇ ಮನುಷ್ಯ ಕಣಕ್ಕಾ,” ಎಂದಳು. ಪ್ರಭಾವತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಂಗಿಯನ್ನು ತಬ್ಬಿಕೊಂಡಳು.

ಹುಡುಗನ ತಾಯಿ ಒಪ್ಪಲು ಕೆಲವು ತಿಂಗಳು ಹಿಡಿಯಿತು. ಗಂಡಹೆಂಡತಿ ಮುಳಬಾಗಿಲಲ್ಲೇ ಮನೆಮಾಡುವುದೆಂದು ತೀರ್ಮಾನವಾದ ಮೇಲೆ ಆಕೆಯೇ ಹೇಳಿಕಳಿಸಿದರು: ಸೊಸೆ ಹೂವಿನ ಕಾಲಕ್ಕೆ ಬರದಿದ್ದರೂ ಚಿಂತೆಯಿಲ್ಲ, ಹಣ್ಣಿನ ಕಾಲಕ್ಕೆ ಮಾತ್ರ ತಪ್ಪಿಸಕೂಡದು. ಮದುವೆಯಲ್ಲಿ ನಮ್ಮ ಮಾವನವರು ಬೀಗರ ನಡುವೆ ಕೂತು, ಸತ್ಯ ಹೇಳುವುದು ತಮ್ಮ ವಂಶದಲ್ಲೇ ಬಂದದ್ದೆಂದು ಸಾರುತ್ತಿದ್ದರು.

ಈಗ ಭಾನುವಾರ ಚಾಪೆಯ ಮೇಲೆ ಜಾಗ ಸಾಲದು. ಮೊನ್ನೆ ತಡೆಯಲಾರದೆ ಚಲಪತಿಯನ್ನು ಕೇಳಿಯೇಬಿಟ್ಟೆ: “ಅಲ್ಲಯ್ಯಾ, ಎಲ್ಲರ ಹತ್ರ ಒಪ್ಪಂದಕ್ಕೆ ಬರೋ ನಿನ್ನ ಭೂತ ನನ್ನ ಹತ್ರ ಒಂದ್ಸಲವೂ ಯಾಕೆ ಬರಲಿಲ್ಲ?”

ಅವನು ಸಂಕೋಚದಿಂದ ಹುಣಸೆಬೀಜ ಎಣಿಸುತ್ತ ಹೇಳಿದ: “ತಪ್ಪು ತಿಳೀಬೇಡಿ ಸಾರ್. ಮಾತಿಗೆ ಬೆಲೆ ಇರೋರ ಹತ್ರ ಮಾತ್ರ ಅದು ವ್ಯಾಪಾರಕ್ಕೆ ಬರೋದು.”

ಅಂದಿನಿಂದ ನಾನು ಸಣ್ಣಪುಟ್ಟ ಮಾತುಗಳನ್ನು ಉಳಿಸಿಕೊಳ್ಳಲು ಶುರುಮಾಡಿದ್ದೇನೆ. ಬರುತ್ತೇನೆಂದ ಹೊತ್ತಿಗೆ ಮನೆಗೆ ಬರುತ್ತೇನೆ, ತರುತ್ತೇನೆಂದ ತರಕಾರಿ ತರುತ್ತೇನೆ. ಪ್ರಭಾವತಿ ಮಾತ್ರ, ಏನೋ ಮುಚ್ಚಿಡುತ್ತಿದ್ದೀರಿ ಎಂದು ನನ್ನನ್ನು ಅನುಮಾನದಿಂದ ನೋಡುತ್ತಾಳೆ.